ಸರ್ಕಾರದ ಯೋಜನೆ ಹೆಣ್ಣುಮಕ್ಕಳ ದಿನವನ್ನು ಬದಲಿಸುತ್ತದಾ? ನೋಡುವುದು ಹೀಗೆ

ಗೃಹಲಕ್ಷ್ಮಿ ಬಂದ ಮೇಲೆ ನಮ್ಮ ಮಂಡ್ಯ ಕಡೆ ಎಲ್ಲಿ ನಾಲ್ಕು ಜನ ಕೂತರೂ ಒಂದೇ ವಾದ. "ಹೆಂಗಸರನ್ನು ಸೋಮಾರಿ ಮಾಡಿದ್ರು, ನಾಟಿಗೆ ಆಳೇ ಸಿಗ್ತಿಲ್ಲ" ಅಂತ ಒಬ್ಬರು. "ಪಾಪ, ಅವರ ಕೈಯಲ್ಲೂ ನಾಲ್ಕು ಕಾಸು ಓಡಾಡಲಿ ಬಿಡಿ" ಅಂತ ಇನ್ನೊಬ್ಬರು. ವಾದ ಮುಗಿಯುವುದೇ ಇಲ್ಲ. ಇಬ್ಬರೂ ಮಾತಾಡುತ್ತಿರುವುದು ದುಡ್ಡಿನ ಬಗ್ಗೆ. ದುಡ್ಡು ಬಂದ ಮೇಲೆ ಅವಳು ಬೆಳಿಗ್ಗೆ ಏಳುವ ಹೊತ್ತು ಬದಲಾಯಿತಾ, ಮಗುವನ್ನು ನೋಡಿಕೊಳ್ಳುವವರು ಬದಲಾದರಾ, ಹೊರಗಿನ ದುಡಿಮೆಗೆ ಹೋಗಲು ದಾರಿ ಆಯಿತಾ ಅಂತ ಯಾರೂ ಕೇಳಿರುವುದಿಲ್ಲ.

ಹೀಗೆ ಕೇಳುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಸ್ತ್ರೀ ಶಕ್ತಿ ಸಂಘದಲ್ಲಿ ಇರುವವರಿಗೆ, ಪಂಚಾಯಿತಿ ಸದಸ್ಯರಿಗೆ, ಮೈಸೂರಿನ ಕಾಲೇಜುಗಳಲ್ಲಿ ಸಮಾಜಶಾಸ್ತ್ರ ಓದುವ ಮಕ್ಕಳಿಗೆ ಇದು ಕೆಲಸಕ್ಕೆ ಬರಬಹುದು. ಬೇರೆ ದೇಶಗಳ ಕಥೆಯೂ ಇದೆ. ನಾವು ಇವತ್ತು ಜಗಳ ಆಡುತ್ತಿರುವ ಎಷ್ಟೋ ಪ್ರಶ್ನೆಗಳನ್ನು ಅವರು ಆಗಲೇ ಮಾಡಿ ನೋಡಿದ್ದಾರೆ.

ಮೊದಲ ಕೆಲಸ, ಯೋಜನೆಯ ಹೆಸರನ್ನು ಬದಿಗಿಟ್ಟು ಒಬ್ಬ ಹೆಂಗಸಿನ ಒಂದು ದಿನವನ್ನು ಬರೆದುಕೊಳ್ಳಿ. "ನೀವು ಕೆಲಸ ಮಾಡ್ತೀರಾ ಅಕ್ಕಾ?" ಅಂತ ಮಾತ್ರ ಕೇಳಬೇಡಿ. "ಇಲ್ಲಪ್ಪ, ಮನೇಲೇ ಇರ್ತೀನಿ" ಅಂತಾರೆ. "ನಿನ್ನೆ ಎದ್ದ ತಕ್ಷಣ ಏನು ಮಾಡಿದ್ರಿ? ಆಮೇಲೆ?" ಅಂತ ಒಂದೊಂದೇ ಕೇಳುತ್ತಾ ಹೋಗಿ. ಬಾಗಿಲಿಗೆ ನೀರು ಹಾಕಿದ್ದು, ಸಗಣಿ ಬಾಚಿದ್ದು, ಹಾಲು ಕರೆದು ಡೈರಿಗೆ ಹಾಕಿ ಬಂದದ್ದು, ತಿಂಡಿ ಮಾಡುತ್ತಲೇ ಮಗುವಿಗೆ ಸ್ನಾನ ಮಾಡಿಸಿದ್ದು, ಅತ್ತೆಗೆ ಮಾತ್ರೆ ಕೊಟ್ಟದ್ದು, ಗದ್ದೆಯಲ್ಲಿ ಕಳೆ ಕಿತ್ತದ್ದು, ಸಂಜೆ ಹಸುವಿಗೆ ಹುಲ್ಲು ತಂದದ್ದು, ಮುದ್ದೆ ತಿರುವಿದ್ದು, ಇವೆಲ್ಲ ಆಗ ಹೊರಗೆ ಬರುತ್ತವೆ. ಒಂದೇ ಹೊತ್ತಿನಲ್ಲಿ ಎರಡು ಕೆಲಸ ನಡೆದಿದ್ದರೆ ಎರಡನ್ನೂ ಬರೆಯಿರಿ. ಅನ್ನಕ್ಕೆ ಇಟ್ಟು ಮಗುವಿನ ಮೇಲೆ ಒಂದು ಕಣ್ಣಿಟ್ಟಿರುವುದನ್ನು ಅವಳೇ ಕೆಲಸ ಅಂತ ಎಣಿಸುವುದಿಲ್ಲ.

ಸರ್ಕಾರವೇ 2019ರಲ್ಲಿ ಇಡೀ ದೇಶದಲ್ಲಿ ಇಂಥ ಲೆಕ್ಕ ಮಾಡಿಸಿತು. ಅಡುಗೆ, ಕಸ, ಬಟ್ಟೆ, ನೀರಿನಂಥ ಸಂಬಳವಿಲ್ಲದ ಮನೆಗೆಲಸ ಮಾಡಿದವರು ಹೆಂಗಸರಲ್ಲಿ ಶೇ 81, ಗಂಡಸರಲ್ಲಿ ಶೇ 26. ಆ ಕೆಲಸ ಮಾಡಿದವರನ್ನಷ್ಟೇ ತೆಗೆದುಕೊಂಡರೂ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ. ಅಂದರೆ ಹತ್ತಿರ ಹತ್ತಿರ ಐದು ಗಂಟೆ, ದಿನಾ. ಮಕ್ಕಳನ್ನು, ವಯಸ್ಸಾದವರನ್ನು ನೋಡಿಕೊಳ್ಳುವುದು ಇದರಲ್ಲಿ ಸೇರಿಲ್ಲ, ಅದರ ಲೆಕ್ಕ ಬೇರೆ. ಈ ಗಂಟೆಗಳು ಕಾಣಬೇಕು ಅಂತಲೇ 1975ರ ಅಕ್ಟೋಬರ್ 24ರಂದು ಐಸ್‌ಲ್ಯಾಂಡಿನ ಹೆಂಗಸರು, ಶೇ 90ರಷ್ಟು ಜನ, ಮನೆ ಆಫೀಸು ಎರಡೂ ಕೆಲಸ ಬಿಟ್ಟು ಬೀದಿಗೆ ಬಂದರು. ಅವತ್ತು ಅಪ್ಪಂದಿರು ಮಕ್ಕಳನ್ನು ಆಫೀಸಿಗೇ ಕರೆದುಕೊಂಡು ಹೋಗಬೇಕಾಯಿತು.

ದಿನ ಬರೆದಾಯಿತಾ? ಈಗ ಯೋಜನೆಯನ್ನು ತಂದು ಆ ಹಾಳೆಯ ಪಕ್ಕ ಇಡಿ. ಅದು ಕೊಡುವುದು ಏನು? ಹಣವಾ, ರಜೆಯಾ, ಇಲ್ಲ ಅವಳ ಕೆಲಸದಲ್ಲಿ ಒಂದು ಪಾಲನ್ನು ಹೊರುವ ಇನ್ನೊಬ್ಬರನ್ನಾ? ಇದೊಂದು ಪ್ರಶ್ನೆ ಸರಿಯಾಗಿ ಕೇಳಿದರೆ ಅರ್ಧ ಕೆಲಸ ಮುಗಿಯಿತು.

ಗೃಹಲಕ್ಷ್ಮಿ ಹಣ. ತಿಂಗಳಿಗೆ 2,000 ರೂಪಾಯಿ, 2023ರ ಆಗಸ್ಟ್ 30ರಂದು ನಮ್ಮ ಮೈಸೂರಿನಲ್ಲೇ ಶುರುವಾದದ್ದು. ಅದರಿಂದ ಸಂಘದ ಕಂತು ಕಟ್ಟಬಹುದು, ಮಗುವಿನ ಫೀಸು ಕಟ್ಟಬಹುದು. ಒಂದು ಮಿಕ್ಸಿ ತಂದರೆ ದಿನಕ್ಕೆ ಸ್ವಲ್ಪ ಹೊತ್ತೂ ಉಳಿಯುತ್ತದೆ, ಅದನ್ನು ಸಣ್ಣದು ಅನ್ನಬಾರದು. ಆದರೆ ಮಗುವನ್ನು ನೋಡಿಕೊಳ್ಳುವುದಕ್ಕೆ ಯಾರೂ ಬರುವುದಿಲ್ಲ. 2,000ಕ್ಕೆ ಯಾರು ಬರುತ್ತಾರೆ? ಹಾಳೆಯಲ್ಲಿ ಅವಳ ಬೆಳಗ್ಗೆ ಹಾಗೇ ಇರುತ್ತದೆ. ನಾಟಿಗೆ ಆಳು ಸಿಗುತ್ತಿಲ್ಲ ಅನ್ನುವವರಿಗೆ ಒಂದು ಮಾತು. ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ ಅನ್ನುವ ಕಡೆ "ಅಷ್ಟಕ್ಕೆ ಬರಲ್ಲ" ಅನ್ನುವ ಧೈರ್ಯ ಅವಳಿಗೆ ಬಂದಿದ್ದರೆ ಅದು ಸೋಮಾರಿತನ ಹೇಗಾಗುತ್ತದೆ? ಕೂಲಿ ಸರಿ ಮಾಡಿ ನೋಡಿ.

ಶಕ್ತಿ ಯೋಜನೆಯೂ ಹಣದಂತೆಯೇ ಕಾಣುತ್ತದೆ, ಆದರೆ ಅದು ದೂರವನ್ನು ಕಡಿಮೆ ಮಾಡುವಂಥದ್ದು. 2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಪಾಂಡವಪುರದಿಂದ ಮೈಸೂರಿನ ಅಂಗಡಿಗೋ ಆಸ್ಪತ್ರೆಗೋ ಕೆಲಸಕ್ಕೆ ಹೋಗುವವರಿಗೆ ಸಂಬಳದಲ್ಲಿ ಬಸ್ಸಿಗೆ ಹೋಗುತ್ತಿದ್ದ ಪಾಲು ಪೂರ್ತಿ ಉಳಿಯಿತು. ಎಷ್ಟೋ ಮನೆಗಳಲ್ಲಿ "ಅಷ್ಟು ದೂರ ಹೋಗಿ ಏನು ಉಳಿಯುತ್ತೆ" ಅನ್ನುವ ಮಾತಿಗೆ ಉತ್ತರ ಸಿಕ್ಕಿತು. ಆದರೂ ಆರೂವರೆ ಬಸ್ಸಿಗೆ ಹೋಗುವವಳ ಮಗುವಿಗೆ ತಿಂಡಿ ತಿನ್ನಿಸುವವರು ಯಾರು? ಹಾಳೆಯಲ್ಲಿ ಆ ಜಾಗಕ್ಕೆ ಬೆರಳಿಟ್ಟು ಕೇಳಿ. ಅಜ್ಜಿ ಅಂದರೆ ಅಜ್ಜಿ ಅಂತ ಬರೆಯಿರಿ. ದೊಡ್ಡ ಮಗಳು ಶಾಲೆ ತಪ್ಪಿಸಿ ಅಂದರೆ ಅದನ್ನೂ ಬರೆಯಿರಿ. ಇದು ಬಹಳ ಮುಖ್ಯ. ಅಮ್ಮ ಹೊರಗೆ ಹೋದಾಗ ಆ ಕೆಲಸ ಮಾಯ ಆಗಿರುವುದಿಲ್ಲ, ಮನೆಯ ಇನ್ನೊಬ್ಬ ಹೆಣ್ಣಿನ ಮೇಲೆ ಬಿದ್ದಿರುತ್ತದೆ.

ಹಣ ಕೊಡುವುದಕ್ಕೂ ಮಗುವನ್ನು ನೋಡಿಕೊಳ್ಳುವ ಜಾಗ ಕೊಡುವುದಕ್ಕೂ ಎಷ್ಟು ವ್ಯತ್ಯಾಸ ಅಂತ ತಿಳಿಯಬೇಕಾದರೆ ಮೂರು ಕಡೆಯ ಕಥೆ ಸಾಕು. ಕೆನಡಾದ ಕ್ವಿಬೆಕ್ ಪ್ರಾಂತ್ಯ 1997ರಲ್ಲಿ ದಿನಕ್ಕೆ ಕೇವಲ 5 ಡಾಲರ್‌ಗೆ ಶಿಶುಪಾಲನೆ ಶುರು ಮಾಡಿತು. ನಾರ್ವೆ 1998ರಲ್ಲಿ ಉಲ್ಟಾ ಮಾಡಿತು. ಒಂದೆರಡು ವರ್ಷದ ಮಗುವನ್ನು ಸರ್ಕಾರದ ನೆರವಿನ ಶಿಶುವಿಹಾರಕ್ಕೆ ಕಳಿಸದೆ ಇದ್ದರೆ ಆ ಮನೆಗೆ ತಿಂಗಳು ತಿಂಗಳು ಹಣ. ಕ್ವಿಬೆಕ್‌ನಲ್ಲಿ ಪುಟ್ಟ ಮಕ್ಕಳ ತಾಯಂದಿರು ಕೆಲಸಕ್ಕೆ ಹೋಗುವುದು ಜಾಸ್ತಿಯಾಯಿತು. ನಾರ್ವೆಯಲ್ಲಿ ಸ್ವಲ್ಪ ಕಡಿಮೆಯಾಯಿತು, ಮನೆಯಲ್ಲಿ ಉಳಿದವರು ಹೆಚ್ಚಾಗಿ ಅಮ್ಮಂದಿರೇ, ಅದರಲ್ಲೂ ಹೊರದೇಶದಿಂದ ಬಂದ ಬಡ ಮನೆಗಳವರು. ಕಾಗದದ ಮೇಲೆ ಅಪ್ಪನೂ ಆ ಹಣ ತೆಗೆದುಕೊಂಡು ಮನೆಯಲ್ಲಿ ಇರಬಹುದಿತ್ತು. ಮೆಕ್ಸಿಕೊದಲ್ಲಿ 2007ರಿಂದ ದುಡಿಯುವ ತಾಯಂದಿರಿಗಾಗಿ ಸರ್ಕಾರದ ನೆರವಿನಿಂದ ಶಿಶುಪಾಲನಾ ಕೇಂದ್ರಗಳು ನಡೆಯುತ್ತಿದ್ದವು. 2019ರಲ್ಲಿ ಕೇಂದ್ರಗಳಿಗೆ ಕೊಡುತ್ತಿದ್ದ ನೆರವು ನಿಲ್ಲಿಸಿ, ಹಣವನ್ನು ನೇರವಾಗಿ ಪೋಷಕರ ಕೈಗೆ ಕೊಡುವ ಕ್ರಮ ಬಂತು. ನಮ್ಮಲ್ಲೂ ಯಾರಾದರೂ "ಅಂಗನವಾಡಿ ಯಾಕೆ, ಆ ದುಡ್ಡನ್ನೇ ಖಾತೆಗೆ ಹಾಕಿಬಿಡಿ" ಅಂದರೆ ದಯವಿಟ್ಟು ಇದನ್ನು ನೆನಪಿಸಿ.

ಅಂಗನವಾಡಿ ನಮ್ಮ ಪಾಲಿಗೆ ಹೊಸದೇನಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಯೋಗಕ್ಕೆ ಅಂತ ಶುರು ಮಾಡಿದಾಗ, ಕರ್ನಾಟಕದಲ್ಲಿ ಅದು ಬಂದದ್ದು ನಮ್ಮ ಟಿ. ನರಸೀಪುರಕ್ಕೆ. ಆದರೆ ಅದನ್ನು ಕಟ್ಟಿದ್ದು ಮಗುವಿನ ಪೌಷ್ಟಿಕತೆಗಾಗಿ, ಅಮ್ಮನ ದುಡಿಮೆಯ ಹೊತ್ತು ನೋಡಿ ಅಲ್ಲ. ಮೂರು ವರ್ಷ ತುಂಬಿದ ಮಕ್ಕಳು ಬಂದು ಕೂರುತ್ತಾರೆ, ಅದಕ್ಕಿಂತ ಚಿಕ್ಕವರಿಗೆ ಆಹಾರದ ಪೊಟ್ಟಣ ಮನೆಗೆ ಹೋಗುತ್ತದೆ. ಮದ್ದೂರು, ಶ್ರೀರಂಗಪಟ್ಟಣದ ಕಡೆ ಗಾರ್ಮೆಂಟ್ಸ್‌ಗೆ ಹೋಗುವವರನ್ನು ಕೇಳಿ. ಅವರ ವ್ಯಾನು ಬಂದು ಹೋದ ಮೇಲೆ ಅಂಗನವಾಡಿ ಬಾಗಿಲು ತೆಗೆಯುತ್ತದೆ, ಅವರು ವಾಪಸ್ಸು ಬರುವ ಮೊದಲೇ ಮುಚ್ಚುತ್ತದೆ. ಆ ಎರಡು ತುದಿಯ ಗಂಟೆಗಳಿಗಾಗಿ ಎಷ್ಟೋ ಹೆಣ್ಣುಮಕ್ಕಳು ಕೆಲಸ ಬಿಡುತ್ತಾರೆ. 2005ರ ಉದ್ಯೋಗ ಖಾತ್ರಿ ಕಾಯ್ದೆ ಬರೆದವರಿಗೆ ಇದು ಗೊತ್ತಿತ್ತು. ಕೆಲಸದ ಜಾಗದಲ್ಲಿ ಆರು ವರ್ಷದ ಒಳಗಿನ ಐದು ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಿ, ಅವಳಿಗೂ ಅದೇ ಕೂಲಿ ಕೊಡಬೇಕು ಅಂತ ಬರೆದಿದ್ದರು. ಎಷ್ಟೋ ಕಡೆ ಮಗು ಮರದ ಕೊಂಬೆಗೆ ಕಟ್ಟಿದ ಸೀರೆ ಜೋಲಿಯಲ್ಲೇ ಮಲಗಿತು. ಈಗ ಪಂಚಾಯಿತಿಗಳಲ್ಲಿ ಬಂದಿರುವ "ಕೂಸಿನ ಮನೆ" ಅನ್ನುವ ಶಿಶುಪಾಲನಾ ಕೇಂದ್ರ ಆ ಕೊರತೆ ತುಂಬುವ ಪ್ರಯತ್ನ. ನಿಮ್ಮ ಊರಲ್ಲಿ ಇದೆಯಾ, ಎಷ್ಟು ಗಂಟೆಗೆ ತೆಗೆಯುತ್ತದೆ ಅಂತ ಹೋಗಿ ನೋಡಿ ಬನ್ನಿ. ಬೋರ್ಡು ನೋಡಿ ಬಂದರೆ ಸಾಲದು.

ಮಕ್ಕಳಾಯಿತು, ಇನ್ನು ವಯಸ್ಸಾದವರು. ಇದನ್ನು ಎಲ್ಲರೂ ಮರೆಯುತ್ತಾರೆ. ಪಾರ್ಶ್ವವಾಯು ಹೊಡೆದು ಮಲಗಿರುವ ಮಾವನನ್ನು ನೋಡಿಕೊಳ್ಳುವ ಸೊಸೆಯ ದಿನ ಬರೆದು ನೋಡಿ, ಹಾಳೆ ಸಾಕಾಗುವುದಿಲ್ಲ. ನಮ್ಮಲ್ಲಿ ಸಂಧ್ಯಾ ಸುರಕ್ಷಾ ಅಂತ ತಿಂಗಳಿಗೆ 1,200 ರೂಪಾಯಿ ಇದೆ, ಅದು ಹಿರಿಯರಿಗೆ. ಎತ್ತಿ ಕೂರಿಸುವ, ಬಟ್ಟೆ ಬದಲಿಸುವ ಕೈ ಸೊಸೆಯದೇ. ಜರ್ಮನಿ 1995ರಲ್ಲಿ ಇದಕ್ಕಾಗಿಯೇ ಒಂದು ವಿಮೆ ತಂದಿತು. ಮನೆಗೆ ನರ್ಸನ್ನು ಕರೆಸಬಹುದು, ಇಲ್ಲ ಅದರ ಅರ್ಧದಷ್ಟು ಬೆಲೆಯ ಹಣ ತೆಗೆದುಕೊಂಡು ಮನೆಯವರೇ ನೋಡಿಕೊಳ್ಳಬಹುದು. ಹೆಚ್ಚಿನ ಮನೆಗಳು ಹಣವನ್ನೇ ಆರಿಸಿದವು, ನೋಡಿಕೊಂಡವರು ಹೆಚ್ಚಾಗಿ ಹೆಂಡತಿ, ಮಗಳು. ಆದರೆ ಹಾಗೆ ನೋಡಿಕೊಂಡವರ ಹೆಸರಿಗೆ ಪಿಂಚಣಿ ಕಂತನ್ನೂ ಆ ವಿಮೆಯೇ ಕಟ್ಟುತ್ತದೆ, ಅದು ನ್ಯಾಯ. ಜಪಾನಿನಲ್ಲಿ ಇದೇ ಚರ್ಚೆ ಬಂದಾಗ ಹೆಣ್ಣುಮಕ್ಕಳ ಸಂಘಟನೆಗಳೇ ಎದ್ದು ನಿಂತವು. ಮನೆಗೆ ಹಣ ಕೊಟ್ಟರೆ ಸೊಸೆಯನ್ನು ಹಾಸಿಗೆಯ ಪಕ್ಕ ಕಟ್ಟಿಹಾಕಿದಂತೆ ಆಗುತ್ತದೆ ಅಂತ ಅವರು ವಾದಿಸಿದರು. 2000ದಲ್ಲಿ ಬಂದ ಅಲ್ಲಿನ ವಿಮೆ ಹಣ ಕೊಡುವುದಿಲ್ಲ, ಆಳು ಮತ್ತು ಹಗಲು ಕೇಂದ್ರಗಳನ್ನು ಕೊಡುತ್ತದೆ. ಅದಕ್ಕಾಗಿ 40 ವರ್ಷ ದಾಟಿದ ಎಲ್ಲರೂ ಕಂತು ಕಟ್ಟುತ್ತಾರೆ. ನನಗೆ ಜಪಾನಿನ ದಾರಿಯೇ ಸರಿ ಅನ್ನಿಸುತ್ತದೆ. ನಮ್ಮಲ್ಲಿ ಸೊಸೆಗೆ "ಎಷ್ಟು ಚೆನ್ನಾಗಿ ನೋಡಿಕೊಂಡಳು" ಅನ್ನುವ ಹೊಗಳಿಕೆ ಬಿಟ್ಟರೆ ಬೇರೇನೂ ಸಿಗುವುದಿಲ್ಲ.

ಇನ್ನು ರಜೆ. ಇಲ್ಲಿ ದೇಶ ದೇಶ ಹೋಲಿಸುವ ಮೊದಲು ನಿಮ್ಮ ತಾಲ್ಲೂಕಿನ ನಾಲ್ಕು ಬಸುರಿಯರನ್ನು ಹೋಲಿಸಿ. ಸರ್ಕಾರಿ ಶಾಲೆಯ ಟೀಚರ್‌ಗೆ 180 ದಿನ ಸಂಬಳ ಸಹಿತ ಹೆರಿಗೆ ರಜೆ. ಗಾರ್ಮೆಂಟ್ಸ್‌ನಲ್ಲಿ ಇಎಸ್‌ಐ ಇರುವವಳಿಗೆ 26 ವಾರ, ದುಡ್ಡು ಬರುವುದು ವಿಮೆಯಿಂದ. ಹತ್ತು ಜನರಿಗಿಂತ ಕಡಿಮೆ ಇರುವ ಬಟ್ಟೆ ಅಂಗಡಿಯಲ್ಲಿ ನಿಂತು ದುಡಿಯುವವಳಿಗೆ ಹೆರಿಗೆ ಸೌಲಭ್ಯದ ಕಾನೂನು ಅನ್ವಯಿಸುವುದೇ ಇಲ್ಲ. ಕಬ್ಬಿನ ಗದ್ದೆಯ ಕೂಲಿಯವಳಿಗೆ ಮಾತೃ ವಂದನಾ ಯೋಜನೆಯ 5,000 ರೂಪಾಯಿ, ಅದೂ ಮೊದಲ ಮಗುವಿಗೆ, ಕಂತಿನಲ್ಲಿ. ಎರಡನೆಯದು ಹೆಣ್ಣಾದರೆ 6,000. ನಾಲ್ವರಿಗೂ ಒಂದೇ ಆಸ್ಪತ್ರೆಯಲ್ಲಿ ಹೆರಿಗೆ ಆಗಬಹುದು. ಹೀಗೆ ಯಾರು ಒಳಗೆ, ಯಾರು ಹೊರಗೆ ಅಂತ ಬರೆದುಕೊಳ್ಳದೆ "ಭಾರತದಲ್ಲಿ 26 ವಾರ ರಜೆ ಇದೆ" ಅಂತ ಸುಮ್ನೆ ಹೇಳಬೇಡಿ.

ಜೊತೆಗೆ ರಜೆಯ ದುಡ್ಡು ಯಾರ ಜೇಬಿನಿಂದ ಅಂತಲೂ ಕೇಳಿ. 2017ರ ತಿದ್ದುಪಡಿಯಲ್ಲಿ ಎರಡು ಮಕ್ಕಳವರೆಗೆ 12 ವಾರ ಇದ್ದದ್ದು 26 ಆಯಿತು, ಒಳ್ಳೆಯದೇ. ಆದರೆ ಇಎಸ್‌ಐ ಇಲ್ಲದ ಕಡೆ ಪೂರ್ತಿ ಖರ್ಚು ಆ ಮಾಲೀಕನದೇ. ಹೊಸದಾಗಿ ಮದುವೆಯಾದ ಹುಡುಗಿ ಸಂದರ್ಶನಕ್ಕೆ ಬಂದರೆ ಅವನ ತಲೆಯಲ್ಲಿ ಏನು ಓಡುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಸ್ವೀಡನ್‌ನಲ್ಲಿ ಎಲ್ಲ ಮಾಲೀಕರೂ ಒಂದೇ ನಿಧಿಗೆ ಕಟ್ಟುತ್ತಾರೆ, ರಜೆಯ ಹಣ ಅಲ್ಲಿಂದ ಬರುತ್ತದೆ. ಯಾರನ್ನು ಕೆಲಸಕ್ಕೆ ತೆಗೆದುಕೊಂಡರೂ ಮಾಲೀಕನ ಪಾಲು ಅಷ್ಟೇ. ಅಮೆರಿಕದ್ದು ಇನ್ನೊಂದು ತುದಿ. 1993ರ ಕಾನೂನಿನಲ್ಲಿ 12 ವಾರ ರಜೆ ಇದೆ, ಸಂಬಳ ಇಲ್ಲ, 50 ಜನಕ್ಕಿಂತ ಕಡಿಮೆ ಇರುವ ಖಾಸಗಿ ಕಂಪನಿಗೆ ಅದೂ ಇಲ್ಲ. ಅದೇ ದೇಶ 1996ರಲ್ಲಿ ನೆರವು ಬೇಕಾದರೆ ಒಂಟಿ ತಾಯಂದಿರೂ ದುಡಿಯಲೇಬೇಕು ಅಂತ ಕಾನೂನು ಮಾಡಿತು. ದೇಶವೆಲ್ಲ ಶಿಶುಪಾಲನೆ ಕೊಡುವ ಮಸೂದೆಯನ್ನು ಅಲ್ಲಿನ ಅಧ್ಯಕ್ಷ ನಿಕ್ಸನ್ 1971ರಲ್ಲೇ ತಡೆದಾಗಿತ್ತು. ದುಡಿ ಅಂದರು, ಮಗುವನ್ನು ಎಲ್ಲಿ ಬಿಡಬೇಕು ಅಂತ ಹೇಳಲಿಲ್ಲ.

ಯಾರ ಹೆಸರಿಗೆ ಬರುತ್ತದೆ ಅನ್ನುವುದನ್ನೂ ನೋಡಿ. ಬ್ರಿಟನ್‌ನಲ್ಲಿ 1945ರಲ್ಲಿ ಮಕ್ಕಳ ಭತ್ಯೆ ತರುವಾಗ ಮೊದಲ ಕರಡಿನಲ್ಲಿ ಹಣ ಅಪ್ಪನಿಗೆ ಅಂತ ಇತ್ತು. ಎಲಿನಾರ್ ರ‍್ಯಾತ್‌ಬೋನ್ ಎಂಬ ಸಂಸದೆ ಹಠ ಹಿಡಿದು ಹೋರಾಡಿ ಅದನ್ನು ಅಮ್ಮನ ಹೆಸರಿಗೆ ಮಾಡಿಸಿದರು. ನಮ್ಮಲ್ಲಿ 2013ರ ಆಹಾರ ಭದ್ರತಾ ಕಾಯ್ದೆಯಂತೆ ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಂಗಸೇ ಯಜಮಾನಿ, ಗೃಹಲಕ್ಷ್ಮಿ ಬರುವುದೂ ಅವಳಿಗೇ. ಇದು ದೊಡ್ಡ ಹೆಜ್ಜೆ. ಅತ್ತೆ ಸೊಸೆ ಒಂದೇ ಕಾರ್ಡಿನಲ್ಲಿ ಇದ್ದರೆ ಹಣ ಒಬ್ಬರಿಗೆ, ದಿನದ ಕೆಲಸದ ಜಾಸ್ತಿ ಪಾಲು ಇನ್ನೊಬ್ಬರಿಗೆ. ಇಬ್ಬರ ಹಾಳೆಯನ್ನೂ ಬೇರೆ ಬೇರೆಯಾಗಿ ಬರೆಯಿರಿ.

ಅವಳು ದುಡಿದರೆ ಮನೆ ಏನಾದರೂ ಕಳೆದುಕೊಳ್ಳುತ್ತದಾ? ಜಪಾನಿನಲ್ಲಿ ಹೆಂಡತಿಯ ಸಂಪಾದನೆ ವರ್ಷಕ್ಕೆ ಇಂತಿಷ್ಟು ಯೆನ್ ದಾಟಿದರೆ ತೆರಿಗೆ, ವಿಮೆಗಳ ರಿಯಾಯಿತಿ ಕೈತಪ್ಪುತ್ತಿತ್ತು. ತೆರಿಗೆಯ ಮಿತಿಗೆ 10.3 ಲಕ್ಷ ಯೆನ್ ಗೋಡೆ ಅಂತಲೇ ಹೆಸರು, ಅದನ್ನು ಎತ್ತರಿಸಿದ್ದು ಮೊನ್ನೆ ಮೊನ್ನೆ, 2025ರಲ್ಲಿ. ಅಲ್ಲಿಯವರೆಗೆ ವರ್ಷದ ಕೊನೆ ಬಂದರೆ ಎಷ್ಟೋ ಹೆಂಗಸರು ಬೇಕಂತಲೇ ಕೆಲಸದ ಗಂಟೆ ಕಡಿಮೆ ಮಾಡುತ್ತಿದ್ದರು. ಸ್ವೀಡನ್ 1971ರಲ್ಲೇ ಗಂಡ ಹೆಂಡತಿಗೆ ಬೇರೆ ಬೇರೆ ತೆರಿಗೆ ಲೆಕ್ಕ ಮಾಡಿ ಇಂಥ ಗೋಡೆ ತೆಗೆಯಿತು. ನಮ್ಮಲ್ಲೂ ತೆರಿಗೆ ಬೇರೆ ಬೇರೆಯೇ. ಆದರೆ ಬಿಪಿಎಲ್ ಕಾರ್ಡಿಗೆ ಇಡೀ ಮನೆಯ ಆದಾಯ ವರ್ಷಕ್ಕೆ 1.2 ಲಕ್ಷದ ಒಳಗೆ ಇರಬೇಕು. ಪಿಎಫ್ ಇರುವ ಕೆಲಸಕ್ಕೆ ಸೊಸೆ ಸೇರಿದರೆ ಕಾರ್ಡು ಹೋಗುತ್ತದೆ ಅಂತ ಹೆದರಿ, ಲೆಕ್ಕಕ್ಕೆ ಸಿಗದ ಕೂಲಿಗೇ ಕಳಿಸುವ ಮನೆಗಳಿವೆ. ಇದೂ ಒಂದು ಗೋಡೆಯೇ.

ಗಂಡಸಿಗೆ ಈ ಯೋಜನೆ ಏನು ಹೇಳುತ್ತದೆ ಅಂತ ಕೇಳದೆ ಹಾಳೆ ಮಡಿಸಬೇಡಿ. ಸ್ವೀಡನ್ 1974ರಲ್ಲಿ ಹೆರಿಗೆ ರಜೆಯನ್ನು ತಂದೆ ತಾಯಿ ಇಬ್ಬರ ರಜೆ ಮಾಡಿತು. ಆ ವರ್ಷ ಅಪ್ಪಂದಿರು ತೆಗೆದುಕೊಂಡದ್ದು ಒಟ್ಟು ದಿನಗಳಲ್ಲಿ ಶೇ 0.5. ಹಂಚಿಕೊಳ್ಳಿ ಅಂತ ಬಾಯಲ್ಲಿ ಹೇಳಿದ್ದರಿಂದ ಏನೂ ಆಗಲಿಲ್ಲ. ನಾರ್ವೆ 1993ರಲ್ಲಿ, ಸ್ವೀಡನ್ 1995ರಲ್ಲಿ ಕೆಲವು ವಾರ ಅಪ್ಪನಿಗೆ ಮಾತ್ರ ಅಂತ ಮೀಸಲಿಟ್ಟವು. ತೆಗೆದುಕೊಳ್ಳದಿದ್ದರೆ ಅಷ್ಟು ರಜೆ ಹೋಯಿತು. ಆಮೇಲೆ ಅಪ್ಪಂದಿರು ಮಗುವನ್ನು ಎತ್ತಿಕೊಂಡರು. ಈಗ ಸ್ವೀಡನ್‌ನಲ್ಲಿ ಇಬ್ಬರಿಗೂ ಸೇರಿ 480 ದಿನ, ಅದರಲ್ಲಿ ತಲಾ 90 ಬಿಟ್ಟುಕೊಡುವ ಹಾಗಿಲ್ಲ, ಅಪ್ಪಂದಿರ ಪಾಲು ಸುಮಾರು ಶೇ 30. ಇಷ್ಟಾಗಲು ಐವತ್ತು ವರ್ಷ ಬೇಕಾಯಿತು. ನಮ್ಮಲ್ಲಿ ಕೇಂದ್ರ ಸರ್ಕಾರಿ ನೌಕರನಿಗೆ 15 ದಿನ. ಕಬ್ಬು ಕಡಿಯುವವನಿಗೆ ಏನೂ ಇಲ್ಲ. ಮಗುವಿನ ತೂಕ ನೋಡಲು ಅಂಗನವಾಡಿಗೆ ಅಪ್ಪ ಕರೆದುಕೊಂಡು ಬಂದರೆ ಊರವರು ನಿಂತು ನೋಡುವಂಥ ಪರಿಸ್ಥಿತಿ ಇನ್ನೂ ಇದೆ.

ಕೊನೆಯದಾಗಿ, ಅವಳ ಕೆಲಸವನ್ನು ಹೊರುವ ಆ ಇನ್ನೊಬ್ಬಳು ಯಾರು, ಅವಳಿಗೆ ಏನು ಸಿಗುತ್ತದೆ? ಅಂಗನವಾಡಿ ಕಾರ್ಯಕರ್ತೆ ಮಕ್ಕಳಿಗೆ ಪಾಠ, ಊಟ, ತೂಕ, ಸರ್ವೆ ಎಲ್ಲ ಮಾಡುತ್ತಾರೆ, ಆದರೆ ಅವರಿಗೆ ಬರುವುದಕ್ಕೆ ಇವತ್ತಿಗೂ ಸಂಬಳ ಅಂತ ಹೆಸರಿಲ್ಲ, ಗೌರವಧನ. ಅವರಿಗೂ ಸಹಾಯಕಿಯರಿಗೂ ಗ್ರಾಚ್ಯುಟಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದದ್ದು 2022ರಲ್ಲಿ. ಆಶಾ ಕಾರ್ಯಕರ್ತೆಯರ ಕಥೆಯೂ ಇದೇ. ಒಬ್ಬಳ ದುಡಿಮೆಗೆ ದಾರಿ ಮಾಡಲು ಇನ್ನೊಬ್ಬಳನ್ನು ಕಡಿಮೆಗೆ ದುಡಿಸಿದರೆ ಆ ಯೋಜನೆಗೆ ನಾನು ಪೂರ್ತಿ ಅಂಕ ಕೊಡುವುದಿಲ್ಲ. ಕೊಲಂಬಿಯಾದ ಬೊಗೊಟಾ ನಗರ 2020ರಿಂದ ಒಂದು ಬೇರೆ ದಾರಿ ಹಿಡಿದಿದೆ. ಬಡಾವಣೆಯ ಒಂದೇ ಕಡೆ ಮಗುವನ್ನೂ ವಯಸ್ಸಾದವರನ್ನೂ ನೋಡಿಕೊಳ್ಳುತ್ತಾರೆ, ಬಟ್ಟೆ ಒಗೆದು ಕೊಡುತ್ತಾರೆ, ಅಷ್ಟು ಹೊತ್ತು ಅಮ್ಮ ಅಲ್ಲೇ ಓದಬಹುದು, ಕೆಲಸ ಕಲಿಯಬಹುದು, ಸುಮ್ಮನೆ ಕೂರಲೂಬಹುದು. ಹುಡುಗರಿಗೂ ಗಂಡಸರಿಗೂ ಮನೆಗೆಲಸ, ಆರೈಕೆ ಕಲಿಸುವ ತರಗತಿಯೂ ಉಂಟು. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಇದು ಆಗಬಾರದು ಅನ್ನಲು ನನಗೆ ಒಂದೂ ಕಾರಣ ಕಾಣುವುದಿಲ್ಲ.

ಹಾಳೆಗಳನ್ನು ಎತ್ತಿಕೊಂಡು ಮಹಿಳಾ ಗ್ರಾಮ ಸಭೆಗೆ ಹೋಗಿ. ಐದಾರು ಮನೆಯ ಹಾಳೆ ಇದ್ದರೂ ಸಾಕು. "ಹೆಣ್ಣುಮಕ್ಕಳಿಗೆ ಅನುಕೂಲ ಮಾಡಿ" ಅಂತ ಕೇಳಿದರೆ "ಆಗಲಿ" ಅಂದು ಕಳಿಸುತ್ತಾರೆ. ಗಂಟೆ ಹೇಳಿ ಕೇಳಿ. ನಮ್ಮ ಊರಿನ ಇಷ್ಟು ತಾಯಂದಿರ ವ್ಯಾನು ಇಷ್ಟು ಗಂಟೆಗೆ ಹೊರಡುತ್ತದೆ, ಇಷ್ಟು ಗಂಟೆಗೆ ಬರುತ್ತದೆ, ನಡುವೆ ಮಗುವಿಗೆ ಜಾಗ ಬೇಕು. ಅಂಗನವಾಡಿಯನ್ನೇ ಶಿಶುಪಾಲನಾ ಕೇಂದ್ರವಾಗಿಯೂ ನಡೆಸಲು ಕೇಂದ್ರದ ಪಾಲನಾ ಯೋಜನೆಯಲ್ಲಿ ಅವಕಾಶ ಇದೆ, ಅದಕ್ಕೆ ಹೆಚ್ಚುವರಿ ಆಳನ್ನೂ ಕೊಡುತ್ತಾರೆ. ಈಗಿರುವ ಕಾರ್ಯಕರ್ತೆಯ ತಲೆಗೇ ಕಟ್ಟದೆ ಬೇರೆ ಆಳು, ಬೇರೆ ದುಡ್ಡು ಕೊಡಿ ಅಂತ ಸೇರಿಸಿ ಕೇಳಿ. ಸಭೆಗೆ ಮೊದಲು ಆ ಕಾರ್ಯಕರ್ತೆಯ ಜೊತೆ ಕೂತು ಮಾತಾಡಿ, ಅವರ ದಿನವನ್ನೂ ಬರೆದುಕೊಳ್ಳಿ. ಠರಾವು ಬರೆದ ಮೇಲೆ ಜೋರಾಗಿ ಓದಿಸಿ. ನೀವು ಹೇಳಿದ ಗಂಟೆಗಳು ಅದರಲ್ಲಿ ಇದ್ದರೆ ಸಹಿ ಹಾಕಿ, ಒಂದು ಪ್ರತಿಯನ್ನು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.